ಮೂಡಣ ಕೊಂಬೆಯ ಐದೆಲೆ

ಎಂಟು ಕರ್ಮಗಳ ಕಟ್ಟನ್ನು ಕಳಚಿ ಲೋಕದ ಶಿಖರದಲ್ಲಿ ನೆಲೆಸಿದ ಸಿದ್ಧರಿಗೆ ತಲೆಬಾಗುತ್ತೇನೆ. ಎಲ್ಲ ಮಗ್ಗುಲುಗಳನ್ನೂ ಒಮ್ಮೆಗೇ ಕಾಣುವ ಅರಿವು ಯಾರದೋ ಆ ಅರ್ಹಂತನ ಪಾದಗಳು ನನ್ನ ನಾಲಗೆಯನ್ನು ಈ ಕಥೆ ಮುಗಿಯುವವರೆಗೆ ನೇರವಾಗಿ ನಡೆಸಲಿ. ನೆಲ, ನೀರು, ಬೆಂಕಿ, ಗಾಳಿ, ಹಸುರುಗಳನ್ನೇ ಮೈಯಾಗಿ ಉಳ್ಳ ಒಂದೇ ಇಂದ್ರಿಯದ ಜೀವಿಗಳು ನನ್ನನ್ನು ಮನ್ನಿಸಲಿ. ಇದು ಅವುಗಳ ಕಥೆಯೂ ಹೌದು.

ನಮ್ಮ ಊರಿನಲ್ಲಿ ಗೌಂಡಿಯು ಮಲಗುವ ಕೋಣೆಗೆ ಕಲ್ಲು ಹಾಸುವಾಗ ದಿಂಬಿನ ಕಡೆಯ ಗೋಡೆಗೆ ತಾಗಿ ಒಂದು ಮೊಳ ಅಗಲದ ಮಣ್ಣನ್ನು ಹಾಗೆಯೇ ಬಿಡುತ್ತಾನೆ. ಅದಕ್ಕೆ ತಲೆಮಣ್ಣು ಎಂದು ಹೆಸರು. ಅಲ್ಲಿ ಮಲಗುವವರ ಮೆದುಳಿನಲ್ಲಿ ಗಡ್ಡೆ ಕಟ್ಟಿದರೆ ಆ ಮಣ್ಣಿನಲ್ಲಿ ಗಿಡ ಏಳುತ್ತದೆ. ಆದ್ದರಿಂದ ನಮ್ಮ ಹೆಂಗಸರು ಬೆಳಗ್ಗೆ ಒಲೆ ಹಚ್ಚುವ ಮೊದಲು ತಲೆಮಣ್ಣನ್ನು ಒಮ್ಮೆ ಬಗ್ಗಿ ನೋಡುತ್ತಾರೆ. ನೆಲವನ್ನು ದಿನವೂ ಗುಡಿಸುತ್ತಾರೆ, ಆ ಮಣ್ಣಿಗೆ ಪೊರಕೆ ತಾಗಿಸುವುದಿಲ್ಲ. ಬಂದ ನೆಂಟರನ್ನು ಕೋಣೆಯ ನಡುವೆ ಮಲಗಿಸುತ್ತಾರೆ, ನಾಳೆ ಎದ್ದ ಗಿಡ ಯಾರದೆಂಬ ಜಗಳ ಬೇಡವೆಂದು. ಗಂಡು ನೋಡಲು ಹೋದವರು ಮನೆ, ಮನೆತನ, ಹೊಲ ಎಲ್ಲವನ್ನೂ ಕೇಳಿ ಕೊನೆಗೆ ಸಂಕೋಚದಿಂದ, "ತಲಿಮಣ್ಣು ಒಂಚೂರು ತೋರಸ್ತೀರೇನ್ರಿ?" ಎನ್ನುತ್ತಾರೆ. ಯಾರೂ ಅದಕ್ಕೆ ಸಿಟ್ಟಾಗುವುದಿಲ್ಲ.

ಒಬ್ಬರ ಗಿಡದಂತೆಯೇ ಇನ್ನೊಬ್ಬರದು ಇರಬೇಕೆಂದಿಲ್ಲ. ಒಂದರ ಎಲೆ ಹಾಲು ಸುರಿಸಿದರೆ ಇನ್ನೊಂದರದು ಒಣ ಕಾಗದದಂತೆ ಸದ್ದು ಮಾಡುತ್ತದೆ. ರೋಗಿಗೆ ಮದ್ದು ಅವರವರ ಗಿಡದಿಂದಲೇ ಆಗಬೇಕು. ಒಬ್ಬರ ಎಲೆ ಇನ್ನೊಬ್ಬರ ನಾಲಗೆಗೆ ಬರಿಯ ಕಹಿ. ಆದರೆ ಎಲೆಯನ್ನು ಹಾಗೆಯೇ ಅಗಿದರೂ ಪ್ರಯೋಜನವಿಲ್ಲ. ಅದನ್ನು ಹಾಲಿನಲ್ಲಿ ಬೇಯಿಸಬೇಕೋ, ತುಪ್ಪದಲ್ಲಿ ಹುರಿಯಬೇಕೋ, ಸುಣ್ಣದ ತಿಳಿನೀರಿನಲ್ಲಿ ಅರೆಯಬೇಕೋ ಎಂಬುದು ಎಲೆಯ ಜಾತಿಯನ್ನು ನೋಡಿ ನಿಶ್ಚಯವಾಗಬೇಕು. ಅಂಥ ಹನ್ನೊಂದು ಸಂಸ್ಕಾರಗಳಿವೆ. ಇನ್ನೂರ ಹನ್ನೆರಡು ಬಗೆಯ ಎಲೆಗಳನ್ನೂ ಅವುಗಳ ಸಂಸ್ಕಾರಗಳನ್ನೂ ಹೇಳುವ ಓಲೆಯ ನಿಘಂಟೊಂದು ನಮ್ಮ ಬಸದಿಯ ಭಂಡಾರದಲ್ಲಿದೆ. ಅದನ್ನು ಓದಿ ಎಲೆಯನ್ನು ಗುರುತಿಸುವುದು ನನ್ನ ಕೆಲಸ. ನನ್ನ ಹೆಸರು ಪಾರೀಶ ಪಂಡಿತ. ನಾನು ಹೆಸರು ಹೇಳಿದ ಎಲೆಯನ್ನು ಮದ್ದಾಗಿಸುವವಳು ಮದ್ದಿನಮನೆಯ ಸುಮತವ್ವ.

ನಿಘಂಟಿನ ಮೊದಲ ಓಲೆಯಲ್ಲಿಯೇ ಒಂದು ಕಟ್ಟಳೆ ಇದೆ. ಗಿಡದ ಮೂಡಣ ಕೊಂಬೆಯಿಂದ ಐದು ಎಲೆಗಳನ್ನು ಮಾತ್ರ ಕೊಯ್ಯಬೇಕು, ಬೇರೆ ಕೊಂಬೆಯನ್ನು ಮುಟ್ಟಬಾರದು. ಗಿಡವೂ ಜೀವ, ಅದಕ್ಕೆ ಆಗುವ ನೋವು ಆದಷ್ಟು ಕಡಿಮೆಯಾಗಲಿ ಎಂಬ ಕರುಣೆಯಿಂದ ಹಿಂದಿನ ಆಚಾರ್ಯರು ಹಾಗೆ ವಿಧಿಸಿದ್ದರು. ನನ್ನ ಗುರುಗಳು ಗಿಡದ ಪೂರ್ವಕ್ಕೆ ಮಣೆ ಹಾಕಿ ಕುಳಿತು, ಕ್ಷಮೆ ಬೇಡಿ, ಐದೆಲೆ ಕೊಯ್ದು ಏಳುತ್ತಿದ್ದರು. ನಾನೂ ನಲವತ್ತು ವರ್ಷ ಹಾಗೆಯೇ ಎದ್ದೆ.

ಆ ವರ್ಷ ನನ್ನ ತಂಗಿ ರಾಜಮತಿಯ ತಲೆಮಣ್ಣಿನಲ್ಲಿ ಗಿಡ ಎದ್ದಿತು. ಅವಳಿಗೆ ಆಗ ಐವತ್ತೆರಡು. ಪೇಟೆಯ ಬೀದಿಯಲ್ಲಿ ಬಳೆಯ ಅಂಗಡಿ ನಡೆಸುತ್ತಿದ್ದಳು. ಬೆಳಗ್ಗೆ ಎದ್ದೊಡನೆ ತಲೆನೋವು, ವಾಂತಿ. ಮಧ್ಯಾಹ್ನಕ್ಕೆ ಎಲ್ಲವೂ ಶಾಂತ. ಪಿತ್ತವೆಂದುಕೊಂಡಿದ್ದೆವು. ಒಂದು ದಿನ ಗಿರಾಕಿಯ ಮುಂದೆ ಅವಳಿಗೆ 'ಬಳೆ' ಎಂಬ ಮಾತೇ ಹೊಳೆಯಲಿಲ್ಲ. "ಆ ಇದು... ಗುಂಡಂದು... ಕೈಯಾಗಿಂದು" ಎಂದು ತಡವರಿಸಿ, ನಕ್ಕು, ಒಳಗೆ ಹೋಗಿ ಅತ್ತಳಂತೆ. ಮರುದಿನವೇ ಅವಳ ಗಂಡ ಜಿನ್ನಪ್ಪ ನನ್ನನ್ನು ಕರೆಯಲು ಬಂದ. ಮಾತು ಕಡಿಮೆಯ ಮನುಷ್ಯ. ಬಾಗಿಲಲ್ಲಿ ನಿಂತು, "ಎದ್ದೈತ್ರಿ" ಎಂದಷ್ಟೇ ಹೇಳಿದ.

ಗಿಡ ಮೊಣಕಾಲೆತ್ತರ ಬೆಳೆದಿತ್ತು. ಪೂರ್ವಕ್ಕೆ ಮಣೆ ಹಾಕಿ ಕುಳಿತೆ. ಎಲೆಯ ಅಂಚು ಗರಗಸದಂತಿತ್ತು, ಉಗುರು ತಾಗಿಸಿದರೆ ಹಾಲು. ನನಗೆ ಸಂಶಯವೇ ಉಳಿಯಲಿಲ್ಲ. ಅದು ಹಾಲ್ಗರಗಸ, ನಿಘಂಟಿನ ಎಪ್ಪತ್ತನೆಯ ಎಲೆ, ತುಪ್ಪದ ಸಂಸ್ಕಾರ.

"ಅಣ್ಣಾ, ಎಷ್ಟೊತ್ತು ನೋಡ್ತಿ? ಹೆಣ್ಣು ನೋಡಾಕ ಹೋದಾಗೂ ನೀ ಇಷ್ಟು ನೋಡಿರಲಿಲ್ಲ ಬಿಡು," ಎಂದಳು ರಾಜಮತಿ, ಹಾಸಿಗೆಯ ಮೇಲೆ ಕಾಲು ಚಾಚಿಕೊಂಡು.

"ಸುಮ್ನ ಕುಂದ್ರ, ರಾಜೀ. ಎಲಿ ಎಣಿಸಾಕತ್ತೇನಿ."

"ಎಣಿಸು, ಎಣಿಸು. ನನ್ನ ತಲ್ಯಾಗ ಏನೂ ಬೆಳಿಯಂಗಿಲ್ಲ ಅಂತ ಸಾಲಿ ಮಾಸ್ತರ ಹೇಳಿದ್ದ. ಅವನ್ನ ಕರಕೊಂಡ ಬಂದು ತೋರಸ್ಬೇಕು."

ನಾನು ನಗಲಿಲ್ಲ. "ಹಾಲ್ಗರಗಸ. ನೂರಕ್ಕ ನೂರು. ದೀಪಾವಳಿಗೆ ನೀನ ಅಂಗಡಿ ಬಾಗಿಲಾ ತೆಗಿತಿ," ಎಂದೆ.

ಅವಳು ನನ್ನ ಮುಖವನ್ನು ಒಂದು ಗಳಿಗೆ ನೋಡಿ, "ಹೌದಾ?" ಎಂದಳು. ಆ ಪ್ರಶ್ನೆಯಲ್ಲಿ ತಮಾಷೆ ಇರಲಿಲ್ಲ.

ಸುಮತವ್ವ ಮದ್ದು ಮಾಡಿಕೊಟ್ಟಳು. ಇಪ್ಪತ್ತು ದಿನಗಳಲ್ಲಿ ಗಿಡದ ಮೂಡಣ ಕೊಂಬೆ ಬಾಡಿತು, ವಾಂತಿ ನಿಂತಿತು, ಮಾತು ಮರಳಿತು. ದೀಪಾವಳಿಗೆ ರಾಜಮತಿ ಅಂಗಡಿಯ ಬಾಗಿಲನ್ನು ತಾನೇ ತೆಗೆದಳು. ಬಸದಿಯಲ್ಲಿ ನನ್ನನ್ನು ಕಂಡವರೆಲ್ಲ ಕೈಮುಗಿದರು. ಪಡೆದ ನಮಸ್ಕಾರಗಳಿಂದ ನನ್ನ ಬೆನ್ನು ನೆಟ್ಟಗಾಗಿತ್ತೆಂಬುದನ್ನು ಮುಚ್ಚಿಡುವುದಿಲ್ಲ. ಎರಡು ತಿಂಗಳ ಬಳಿಕ ಅವಳ ಬಲಗೈ ಸೋತಿತು. ಒಂದು ಮಧ್ಯಾಹ್ನ ಊಟಕ್ಕೆ ಕುಳಿತವಳು ತಟ್ಟೆಯ ಮೇಲೆಯೇ ಸೆಟೆದು ಬಿದ್ದಳು, ಬಾಯಲ್ಲಿ ನೊರೆ. ಮೊದಲ ಸಲ ತಲೆನೋವಷ್ಟೇ ಇತ್ತು, ಈಗ ಸೆಳವು. ರೋಗ ಹೊಸ ಬಲದಿಂದ ಮರಳಿತ್ತು.

ಸುಮತವ್ವ ಆ ಸಂಜೆ ನೇರ ನನ್ನ ಮನೆಗೇ ಬಂದಳು. ನನಗಿಂತ ಹತ್ತು ವರ್ಷ ಚಿಕ್ಕವಳು, ಕೈಯ ಬೆರಳುಗಳೆಲ್ಲ ಎಲೆಯ ರಸದಿಂದ ಕಪ್ಪು.

"ಪಂಡಿತ್ರ, ಪಡವಣ ಕಡೆ ಎಲಿ ಬೇಕ್ರಿ ನನಗ."

"ಕಟ್ಟಳಿ ಗೊತ್ತಿಲ್ಲೇನು ನಿನಗ? ತುಪ್ಪ ಹಚ್ಚಿ ಮತ್ತೊಮ್ಮಿ ಮಾಡು. ಮೂಡಣ ಕೊಂಬಿ ಇನ್ನೂ ಪೂರ್ತಿ ಒಣಗಿಲ್ಲ."

"ಮೂಡಣ ಕೊಂಬಿ ಬಾಡೈತ್ರಿ. ಗಿಡಾ ಮಾತ್ರ ನಿನ್ನಿಗಿಂತ ಒಂದು ಗೇಣು ಎತ್ತರ ಆಗೇತಿ. ಅದೆಲ್ಲಿಂದ ಬೆಳಿಯಾಕತ್ತೈತಿ, ನೋಡಿರೇನು?"

"ನಲವತ್ತು ವರ್ಷದಾಗ ನನ್ನ ಗುರುತು ಒಂದೂ ತಪ್ಪಿಲ್ಲ, ಸುಮತವ್ವ."

ಅವಳು ಸೆರಗಿನಿಂದ ಬೆರಳುಗಳನ್ನು ಒರೆಸಿಕೊಳ್ಳುತ್ತ ಕೇಳಿದಳು: "ತಪ್ಪಿಲ್ಲೋ, ಇಲ್ಲಾ ತಪ್ಪಿದ್ದಕ್ಕ ಸತ್ತವರು ಎದ್ದ ಬಂದು ನಿಮಗ ಹೇಳಲಿಲ್ಲೋ?"

ನಾನು ಅವಳನ್ನು ಕೂರಲು ಹೇಳಲಿಲ್ಲ, ಅವಳೂ ಕೂರಲಿಲ್ಲ. ಅವಳು ಹೋದ ಮೇಲೆ ಸಾಮಾಯಿಕದ ಧ್ಯಾನಕ್ಕೆ ಕುಳಿತೆ. ಆ ದಿನ ಮನಸ್ಸು ನಿಲ್ಲಲಿಲ್ಲ.

ಮರುದಿನ ಭಂಡಾರದಲ್ಲಿ ದಾಖಲೆಯ ಪುಸ್ತಕವನ್ನು ತೆಗೆದೆ. ರೋಗಿಯ ಹೆಸರು, ಎಲೆ, ಸಂಸ್ಕಾರ, ಫಲ. ನಾಲ್ಕೂ ನನ್ನ ಕೈಬರಹದಲ್ಲಿಯೇ ಇದ್ದವು. ನಲವತ್ತು ವರ್ಷಗಳಲ್ಲಿ ನೂರ ನಲವತ್ತನಾಲ್ಕು ಜನ. ನಾನು ಫಲದ ಸಾಲುಗಳನ್ನು ಎಂದೂ ಒಟ್ಟಿಗೆ ಓದಿರಲಿಲ್ಲ. ಮೂವತ್ತೊಂದು ಕಡೆ ಒಂದೇ ಬಗೆಯ ಮಾತಿತ್ತು: 'ಮೊದಲು ಗುಣ ಕಂಡಿತು, ಬಳಿಕ ಆಯುಷ್ಯ ತೀರಿತು.' ಎಷ್ಟು ಅಂದವಾದ ಅಕ್ಷರಗಳು! ಎಲೆಯನ್ನು ಗುರುತಿಸಿದ್ದು ನಾನು, ತೀರಿದ್ದು ಮಾತ್ರ ಅವರ ಆಯುಷ್ಯ. ಕೊನೆಯ ಹೆಸರು ಚಂದನಾ, ಹತ್ತೊಂಬತ್ತು ವರ್ಷ, ಕುಂಬಾರ ಬೀದಿಯ ಅಕ್ಕವ್ವನ ಮಗಳು. ಆರು ವರ್ಷಗಳ ಹಿಂದಿನ ಮಾತು. ಅವಳ ಗಿಡವೂ ಮೊದಲು ಬಾಡಿ ಆಮೇಲೆ ಚಿಗುರಿತ್ತು. ವಿಧಿ ಎಂದು ಹೇಳಿ ಬಂದಿದ್ದೆ.

ಅಲ್ಲಿಂದ ಬಳೆಯ ಅಂಗಡಿಗೆ ಹೋದೆ. ಸೆಳವು ಬಂದು ಎರಡು ದಿನಗಳೂ ಆಗಿರಲಿಲ್ಲ, ರಾಜಮತಿ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತಿದ್ದಳು. ಮದುವೆಯ ಹುಡುಗಿಯೊಬ್ಬಳು ಕೈ ಚಾಚಿದ್ದಳು. ಸೋತ ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು ಎಡಗೈಯೊಂದರಿಂದಲೇ ಅವಳ ಮುಂಗೈಯನ್ನು ಒತ್ತಿ ನೋಡಿ ಒಂದು ಅಳತೆಯ ಬಳೆ ತೆಗೆದಳು. ಇನ್ನೊಂದು ಕೈಗೆ ಮತ್ತೆ ಮೊದಲಿನಿಂದ ಒತ್ತಿ ನೋಡಿ ಬೇರೆಯೇ ಅಳತೆ ತೆಗೆದಳು.

"ಒಂದ ಕೈ ನೋಡಿದ್ರ ಸಾಕಾಗಂಗಿಲ್ಲೇನ?" ಎಂದು ಕೇಳಿದೆ.

"ಎಷ್ಟು ಓದಿದ್ರ ಏನ ಬಂತು, ಅಣ್ಣಾ! ಒಬ್ಬಾಕಿವ ಆದ್ರೂ ಎರಡೂ ಕೈ ಒಂದ ಅಳತಿ ಇರ್ತಾವೇನು? ಎಡಗೈ ಅಳತಿ ತಗೊಂಡು ಬಲಗೈಗೆ ಏರಿಸಿದ್ರ ಈ... ಈ ಇದು ಒಡೀತೈತಿ. ಗಾಜು ಚುಚ್ಚೂದು ಆಕಿಗೆ, ನನಗಲ್ಲ." ಮದುವಣಗಿತ್ತಿ ಕಿಸಕ್ಕನೆ ನಕ್ಕಳು. ರಾಜಮತಿ ನಗಲಿಲ್ಲ. ಹುಡುಗಿ ಎದ್ದು ಹೋದ ಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದಳು: "ಅಣ್ಣಾ, ನನಗ ಸಾಯೂ ಅಂಜಿಕಿ ಇಲ್ಲ. ಮಾತು ಹೋಗಿ ಬದುಕೂದಕ್ಕ ಅಂಜತೇನಿ. ನೀ ಏನರ ಮಾಡೂದಿದ್ರ ಲಗೂ ಮಾಡು."

ವಸ್ತುವೊಂದಕ್ಕೆ ಎಣಿಕೆಯಿಲ್ಲದ ಮಗ್ಗುಲುಗಳಿವೆ, ಒಂದನ್ನೇ ಕಂಡು ಇದಿಷ್ಟೇ ಎನ್ನುವವನು ಅಜ್ಞಾನಿ ಎಂದು ನಾನು ಬಸದಿಯ ಜಗಲಿಯಲ್ಲಿ ಎಷ್ಟು ಚಾತುರ್ಮಾಸಗಳಲ್ಲಿ ಪಾಠ ಹೇಳಿಲ್ಲ! ಆ ಪಾಠ ಒಂದು ಮಣೆಯ ಉದ್ದದಷ್ಟೂ ನನ್ನೊಳಗೆ ನಡೆದಿರಲಿಲ್ಲ.

ಅಂಗಡಿಯ ಹಿಂದೆಯೇ ಅವಳ ಮನೆ. ಗಿಡದ ಪಡುವಣ ಮಗ್ಗುಲಿಗೆ ಬಳೆಯ ದೊಡ್ಡ ಕಪಾಟು ನಿಂತಿತ್ತು. ಜಿನ್ನಪ್ಪನನ್ನು ಕರೆದು, "ಇದನ್ನ ಸರಸಬೇಕಲ್ಲೋ," ಎಂದೆ. ಅವನು ಯಾಕೆಂದು ಕೇಳಲಿಲ್ಲ. ಗಾಜಿನ ಸದ್ದು ಮಾಡುತ್ತ ಕಪಾಟು ಸರಿಯಿತು. ನಾನು ಮೊಣಕಾಲೂರಿ, ಬದುಕಿನಲ್ಲಿ ಮೊದಲ ಸಲ, ಗಿಡವೊಂದನ್ನು ಪಶ್ಚಿಮದಿಂದ ನೋಡಿದೆ.

ಅಲ್ಲಿ ಬೇರೆಯೇ ಗಿಡವಿತ್ತು. ಎಲೆಯ ಅಂಚು ನುಣುಪು, ಬೆನ್ನಿಗೆ ಬೆಕ್ಕಿನ ಮರಿಯ ಕಿವಿಯಂಥ ನವಿರು, ಹಾಲಿಲ್ಲ. ಕಾಂಡದ ಉದ್ದಕ್ಕೂ ಕಣ್ಣನ್ನು ಬುಡದವರೆಗೆ ಇಳಿಸಿದೆ. ಎರಡೂ ಕೊಂಬೆಗಳು ಒಂದೇ ಬುಡದಿಂದ ಹೊರಟಿದ್ದವು. ಬುಡದ ಹತ್ತಿರ, ಗೋಡೆಯ ನೆರಳಿನಲ್ಲಿ, ಮೂರನೆಯದೊಂದು ಚಿಕ್ಕ ಕವಲು; ತಾಮ್ರದ ಬಣ್ಣದ ಮೂರು ಸೀಳಿನ ಎಲೆಗಳು. ಒಂದೇ ಬೀಜದಿಂದ ಎದ್ದು, ಬೆಳೆಯುತ್ತ ಬೆಳೆಯುತ್ತ ತನ್ನೊಳಗೇ ಬೇರೆಬೇರೆಯಾದ ಗಿಡ. ತುಪ್ಪದ ಮದ್ದು ಒಂದು ಕೊಂಬೆಯನ್ನು ಬಾಡಿಸಿತ್ತು. ತೆರವಾದ ಬೆಳಕನ್ನು ಉಳಿದೆರಡು ಕುಡಿದು ಕೊಬ್ಬಿದ್ದವು. ನನ್ನ ತಂಗಿಯ ತಲೆಯೊಳಗೆ ನಡೆದದ್ದೂ ಅದೇ.

ಸುಮತವ್ವನ ಮನೆಗೆ ನಾನೇ ನಡೆದು ಹೋದೆ. "ನನ್ನ ಕಣ್ಣು ಅರ್ಧಾನ ತೆರದಿತ್ತು, ತಾಯಿ. ಬಾ," ಎಂದೆ. ಅವಳು ಒಂದು ಮಾತೂ ಚುಚ್ಚದೆ ಬುಟ್ಟಿ ಎತ್ತಿಕೊಂಡಳು. ದಾರಿಯಲ್ಲಿ ಮಾತ್ರ, "ನೀವು ಬರೂದು ಇನ್ನೂ ನಾಕು ದಿನಾ ತಡಾ ಆದೀತಂತ ಮಾಡಿದ್ದೆ," ಎಂದಳು.

ಬಸದಿಯ ಮುಂದೆ ಆದಪ್ಪ ಶೆಟ್ಟರು ನಮ್ಮನ್ನು ತಡೆದರು. ಅವರು ಬಸದಿಯ ಮುಖ್ಯಸ್ಥರು. ಊರಿನಲ್ಲಿ ಸುದ್ದಿ ನಮಗಿಂತ ಮೊದಲು ನಡೆದಿತ್ತು. "ಪಂಡಿತ್ರ, ಏನಿದು? ಒಂದು ಜೀವಾ ಉಳಸಾಕ ಇನ್ನೊಂದು ಜೀವದ ಎಲ್ಲಾ ಕೊಂಬಿಗೂ ಕೈ ಹಾಕೂದಾ? ನಾವು ಸಣ್ಣವರಿದ್ದಾಗ ನಮಗ ಕಟ್ಟಳಿ ಕಲಿಸಿದವರು ನೀವ."

"ನಾನ ಕಲಿಸಿದ್ದು, ಶೆಟ್ಟರ. ಎಲಿ ಕೊಯ್ಯೂದು ಹಿಂಸೆ, ಅದರ ಪ್ರಾಯಶ್ಚಿತ್ತ ನನ್ನದು, ಉಪವಾಸ ಮಾಡ್ತೀನಿ. ಆದ್ರ ಒಂದ ಕಡಿ ನೋಡಿ ಮದ್ದು ಹೇಳಿ ಮೂವತ್ತೊಂದು ಮಂದೀನ್ನ ಕಳಸೀನಿ. ಅದಕ್ಕ ಎಷ್ಟು ಉಪವಾಸ, ನೀವ ಹೇಳ್ರಿ."

ಆ ಮೂವತ್ತೊಂದರಲ್ಲಿ ಶೆಟ್ಟರ ಅಣ್ಣನೂ ಒಬ್ಬ. ಅವರು ಪಕ್ಕಕ್ಕೆ ಸರಿದು, "ಹೋಗ್ರಿ, ಹೊತ್ತಾಗ್ತೈತಿ," ಎಂದರು.

ಪಡುವಣದ್ದು ನವಿರೆಲೆ, ನೂರ ಮೂರನೆಯದು, ಸುಣ್ಣದ ತಿಳಿಯ ಸಂಸ್ಕಾರ. ತಾಮ್ರದ ಎಲೆಯನ್ನು ಮಾತ್ರ ನಿಘಂಟಿನಲ್ಲಿ ಮೂರು ಸಲ ಹುಡುಕಿದೆ. ಇನ್ನೂರ ಹನ್ನೆರಡರಲ್ಲಿ ಅದು ಇರಲಿಲ್ಲ. ರಾಜಮತಿಯ ಹಾಸಿಗೆಯ ಪಕ್ಕ ಕುಳಿತು, "ಇದು ನನಗ ಗೊತ್ತಿಲ್ಲ, ರಾಜೀ," ಎಂದೆ. ಹಾಗೆ ಹೇಳಿದ್ದು ನಲವತ್ತು ವರ್ಷಗಳಲ್ಲಿ ಮೊದಲು. ಅವಳು ಎಡಗೈಯಿಂದ ನನ್ನ ಮೊಣಕೈ ಹಿಡಿದು, "ಹಂಗಾರ ಈಗ ನಿನ್ನ ನಂಬಬಹುದು," ಎಂದಳು.

ದಾರಿ ತೋರಿಸಿದವಳು ಸುಮತವ್ವ. "ಓಲಿ ಹೇಳಲಿಲ್ಲಂದ್ರ ಗಿಡಾನ ಕೇಳೂಣ್ರಿ," ಎಂದಳು. ತಾಮ್ರದ ಕವಲಿನಿಂದ ಹನ್ನೊಂದು ಚಿಕ್ಕ ತುಂಡುಗಳನ್ನು ಕತ್ತರಿಸಿ ಹನ್ನೊಂದು ಮಣ್ಣಿನ ಕುಡಿಕೆಗಳಲ್ಲಿ ನೆಟ್ಟಳು. ಒಂದೊಂದಕ್ಕೆ ಒಂದೊಂದು ಸಂಸ್ಕಾರದ ದ್ರವ: ಒಂದಕ್ಕೆ ಹಾಲು, ಒಂದಕ್ಕೆ ಸುಣ್ಣದ ತಿಳಿ, ಒಂದಕ್ಕೆ ಬೂದಿಯ ನೀರು, ಹೀಗೆ. ಯಾವುದು ಬಾಡುತ್ತದೋ ಅದರ ದ್ರವವೇ ಆ ಎಲೆಯ ಸಂಸ್ಕಾರ. ಇಷ್ಟು ಸರಳವಾದದ್ದನ್ನು ಯಾರೂ ಮಾಡಿರಲಿಲ್ಲ. ಮಾಡಲು ಎಲ್ಲ ಕಡೆಯಿಂದ ಕತ್ತರಿಸಬೇಕಾಗುತ್ತಿತ್ತು.

ಒಂಬತ್ತು ದಿನಗಳು ಬೇಕಾದವು. ಅಷ್ಟರಲ್ಲಿ ಸುಣ್ಣದ ತಿಳಿಯ ಮದ್ದಿನಿಂದ ಪಡುವಣ ಕೊಂಬೆ ಇಳಿಮುಖವಾಗಿತ್ತು, ಆದರೆ ತಾಮ್ರದ ಕವಲು ದಿನಕ್ಕೊಂದು ಬೆರಳು ಏರುತ್ತಿತ್ತು. ಐದನೆಯ ದಿನ ರಾಜಮತಿಗೆ ಎರಡು ಸಲ ಸೆಳವು. ಏಳನೆಯ ದಿನ ಮಾತು ಪೂರ್ತಿ ನಿಂತಿತು. ಜಿನ್ನಪ್ಪ ಅವಳ ಬಾಯಿಗೆ ಗಂಜಿ ಹನಿಸುತ್ತಿದ್ದ. ಅದು ತುಟಿಯಂಚಿನಿಂದ ಹೊರಗೆ ಹರಿಯುತ್ತಿತ್ತು. ನಾನು ಕುಡಿಕೆಗಳ ಮುಂದೆ ಕುಳಿತೆ. ಹನ್ನೊಂದೂ ನಳನಳ, ಹನ್ನೊಂದೂ ಕೊಬ್ಬಿದವು. ಎಂಟನೆಯ ದಿನವೂ ಹಾಗೆಯೇ. ಆದರೂ ಈ ದಾರಿ ಸರಿಯೆಂಬ ಬಗ್ಗೆ ನನಗೆ ಅಳುಕಿರಲಿಲ್ಲ. ಮೊದಲಿನ ನನ್ನ ಧೈರ್ಯ ಓಲೆಯಿಂದ ಬಂದದ್ದು. ಇದು ಕಣ್ಣಿನಿಂದ ಬಂದದ್ದು.

ಒಂಬತ್ತನೆಯ ಬೆಳಗ್ಗೆ ಸುಮತವ್ವ ಕೂಗಿದಳು: "ಪಂಡಿತ್ರ! ಹುಳಿಗಂಜಿ! ಹುಳಿಗಂಜಿದು ಬಾಡಿ ನೆಲಾ ಹಿಡದೈತಿ, ನೋಡ್ರಿ!"

ಹತ್ತು ಕುಡಿಕೆಗಳಲ್ಲಿ ಚಿಗುರು, ಒಂದರಲ್ಲಿ ಮಾತ್ರ ತಾಮ್ರದ ಎಲೆ ಕಪ್ಪಾಗಿ ಮಡಚಿ ಬಿದ್ದಿತ್ತು. ಮೂರು ದಿನ ಹುಳಿಯಿಟ್ಟ ಅಕ್ಕಿಯ ಗಂಜಿ. ಯಾವ ಬಡವರ ಅಡುಗೆಮನೆಯಲ್ಲೂ ಸಿಗುವ ವಸ್ತು. ಅಂದು ಸೂರ್ಯ ಮೇಲೇರುವ ಮೊದಲೇ ಮದ್ದು ಅರೆದು ಅವಳ ನಾಲಗೆಗೆ ಹಚ್ಚಿದೆವು.

ಹದಿನಾಲ್ಕು ದಿನಗಳ ಬಳಿಕ, ಜಿನ್ನಪ್ಪ ಹಾಸಿಗೆ ಬದಲಿಸುತ್ತಿದ್ದಾಗ, ರಾಜಮತಿ ಸ್ಪಷ್ಟವಾಗಿ, "ಕಪಾಟ ಯಾಕ ಅಲ್ಲಿಟ್ಟೀರಿ, ದಾರಿಗಡ್ಡ?" ಎಂದಳು. ಜಿನ್ನಪ್ಪ ಹಾಸಿಗೆಯನ್ನು ಅಲ್ಲಿಯೇ ಬಿಟ್ಟು ಹೊರಗೆ ಓಡಿ ಬಂದು, ಬೀದಿಯಲ್ಲಿ ನಿಂತು, ಯಾರನ್ನೂ ಕುರಿತಲ್ಲದೆ, "ಬೈದಳು! ನನಗ ಬೈದಳು!" ಎಂದು ಕೂಗಿದ. ಅವನ ಬಾಯಿಂದ ಅಷ್ಟು ದೊಡ್ಡ ದನಿಯನ್ನು ಊರು ಕೇಳಿರಲಿಲ್ಲ.

ಗಿಡ ಪೂರ್ತಿ ಒಣಗಿತೆಂದು ಹೇಳಿದರೆ ಸುಳ್ಳಾದೀತು. ಬುಡದಲ್ಲಿ ಒಂದು ಗಂಟು ಇನ್ನೂ ಹಸಿರಾಗಿದೆ. ತಿಂಗಳಿಗೊಮ್ಮೆ ನಾನೂ ಸುಮತವ್ವನೂ ಹೋಗಿ ನಾಲ್ಕೂ ಕಡೆಯಿಂದ ನೋಡುತ್ತೇವೆ. ಎರಡು ಸಲ ಚಿಗುರಿತು, ಎರಡು ಸಲವೂ ಹೊಸ ಎಲೆ. ಎರಡು ಸಲವೂ ಕುಡಿಕೆಗಳನ್ನು ಹೂಡಿ ಉತ್ತರ ಪಡೆದೆವು. ನಾಲ್ಕು ವರ್ಷಗಳಾದವು. ಅವಳು ಬದುಕಿದ್ದಾಳೆ, ನನ್ನನ್ನು ಹಂಗಿಸುತ್ತಿದ್ದಾಳೆ.

ಆದರೆ ನನ್ನ ಬಾಕಿ ಕೆಲಸವೊಂದಿತ್ತು. ಅವಳು ಗುಣವಾದ ಮೇಲೆ ಬಂದ ಮೊದಲ ಕ್ಷಮಾವಣಿಯ ದಿನ, ಎಲ್ಲರೂ ಎಲ್ಲರಲ್ಲೂ ಕ್ಷಮೆ ಕೇಳುವ ಆ ದಿನ, ಮೂವತ್ತೊಂದು ಹೆಸರುಗಳನ್ನು ಬರೆದುಕೊಂಡು ಮನೆಯಿಂದ ಮನೆಗೆ ನಡೆದೆ. ಪ್ರತಿ ಬಾಗಿಲಲ್ಲೂ ನಡೆದದ್ದನ್ನು ಹೇಳಿ ಕೈಮುಗಿದೆ. ಕೆಲವರು ಅತ್ತರು. ಒಬ್ಬರು ಬಾಗಿಲು ಹಾಕಿಕೊಂಡರು. ಅದು ಅವರ ಹಕ್ಕು. ಕೊನೆಗೆ ಕುಂಬಾರ ಬೀದಿಯ ಅಕ್ಕವ್ವನ ಮನೆಗೆ ಬಂದಾಗ ಮಧ್ಯಾಹ್ನ. ಅವಳು ನನ್ನ ಮಾತನ್ನೆಲ್ಲ ಕಂಬಕ್ಕೆ ಒರಗಿ ಕೇಳಿದಳು. ಬೈಯುತ್ತಾಳೆಂದು ಕಾದೆ.

"ಚಂದನಾನ ಗಿಡಾ ಇನ್ನೂ ಐತ್ರಿ, ಪಂಡಿತ್ರ," ಎಂದಳು.

ರೋಗಿ ತೀರಿದ ತಿಂಗಳಲ್ಲಿ ಗಿಡ ಒಣಗುತ್ತದೆ, ಜನ ಕಿತ್ತು ಹಾಕುತ್ತಾರೆ. ಇವಳು ಆರು ವರ್ಷ ನೀರು ಹಾಕಿದ್ದಳು. ಒಳಗೆ ಕರೆದೊಯ್ದಳು. ಕೋಣೆಯ ಅರ್ಧದಷ್ಟು ಹಬ್ಬಿತ್ತು ಅದು. "ಕೀಳ್ರಿ ಅಂತ ಎಲ್ಲಾರೂ ಹೇಳಿದ್ರು. ನನ್ನ ಮಗಳನ್ನ ಕೊಂದದ್ದು ಇದ, ಗೊತ್ತೈತಿ. ಆದ್ರ ಆಕಿ ತಲಿಯಿಂದ ಬಂದದ್ದೂ ಇದ ಒಂದ ಉಳದೈತಿ. ಬಿಟ್ಟೆ."

ನಾನು ಪೂರ್ವದಲ್ಲಿ ಕೂರಲಿಲ್ಲ. ಗೋಡೆಗೆ ಒರಗಿ ಒರಗಿ ಎಲ್ಲ ಕಡೆ ಸರಿದು ನೋಡಿದೆ. ಐದು ಬಗೆಯ ಎಲೆಗಳಿದ್ದವು. ಎರಡು ಮಾತ್ರ ನಿಘಂಟಿನಲ್ಲಿದ್ದವು, ಮೂರಕ್ಕೆ ಹೆಸರಿರಲಿಲ್ಲ.

"ಅಕ್ಕವ್ವ, ಇವನ್ನ ಕುಡಿಕ್ಯಾಗ ನೆಟ್ಟು ನೋಡಿದ್ರ, ಮುಂದ ಇಂಥಾ ಎಲಿ ಯಾರ ಮನ್ಯಾಗರ ಎದ್ದಾಗ ಒಂಬತ್ತು ದಿನಾ ಕಾಯೂದು ಬೇಕಾಗಂಗಿಲ್ಲ. ಆದ್ರ ಕತ್ತರಸಬೇಕಾಗ್ತೈತಿ. ಇದು ನಿನ್ನ ಮಗಳದು. ನೀ ಬ್ಯಾಡಂದ್ರ ಮುಟ್ಟಂಗಿಲ್ಲ."

ಅವಳು ಗಿಡದ ಒಂದು ಎಲೆಯನ್ನು ಬೆರಳಿನಿಂದ ಸವರಿದಳು. "ಇನ್ನೊಬ್ಬಾಕಿ ಮಗಳಿಗೆ ಆಗ್ತೈತೇನ್ರಿ?"

"ಆಗ್ತೈತಿ."

"ಹಂಗಾರ ಕೊಯ್ಕೊಳ್ರಿ. ಹೆಸರು ಏನಿಡ್ತೀರಿ?"

"ಮೊದಲನೇದಕ್ಕ ಚಂದನಪರ್ಣಿ."

ಅಕ್ಕವ್ವ ಅಡುಗೆಮನೆಗೆ ಹೋಗಿ ಕತ್ತರಿಯನ್ನು ತಂದಳು. ನನ್ನ ಕೈಗೆ ಕೊಡದೆ, ಮೊದಲ ಕೊಂಬೆಯನ್ನು ತಾನೇ ಕತ್ತರಿಸಿದಳು. ತಾಮ್ರದ ಎಲೆ ಇನ್ನೂರ ಹದಿಮೂರನೆಯದಾಗಿ ನಿಘಂಟಿಗೆ ಸೇರಿತ್ತು; ಚಂದನಪರ್ಣಿ ಈಗ ಅಲ್ಲಿ ಇನ್ನೂರ ಹದಿನಾಲ್ಕನೆಯ ಎಲೆ. ಕಳೆದ ಮಾಘದಲ್ಲಿ ನೇಕಾರರ ಓಣಿಯ ಒಬ್ಬ ಹುಡುಗಿಯ ತಲೆಮಣ್ಣಿನಲ್ಲಿ ಅದೇ ಎಲೆ ಎದ್ದಾಗ ನಾವು ಒಂದು ದಿನವನ್ನೂ ಕಾಯಲಿಲ್ಲ.

ಇದನ್ನು ಓದಿದವರ, ಓದಿಸಿ ಕೇಳಿದವರ ಮನೆಗಳಲ್ಲಿ ಆರೋಗ್ಯ ನೆಲೆಸಲಿ. ರೋಗಿಗೆ ಅವರವರ ಅಳತೆಯ ಮದ್ದು ದೊರೆಯಲಿ, ಮದ್ದು ಕೊಡುವವರಿಗೆ ಗೊತ್ತಿಲ್ಲವೆನ್ನುವ ಧೈರ್ಯವೂ ತಿಳಿದುಕೊಳ್ಳುವ ಹಟವೂ ಇರಲಿ. ಮಗುವನ್ನು ಕಳೆದುಕೊಂಡ ತಾಯಂದಿರಿಗೆ ನೆಮ್ಮದಿ ದೊರೆಯಲಿ. ನಡೆಯುವ, ಹಾರುವ, ಈಜುವ, ನಿಂತಲ್ಲೇ ಬೆಳೆಯುವ ಜೀವಿಗಳೆಲ್ಲಕ್ಕೂ ಜಿನಧರ್ಮ ನೆರಳಾಗಲಿ, ಎಲ್ಲರಿಗೂ ಒಳಿತಾಗಲಿ.